ಹನ್ನೆರಡು ಸೀಸೆಗಳ ಕಳವು

ಸೋಮವಾರ ಬೆಳಿಗ್ಗೆ 10.20ಕ್ಕೆ ಸಂಶೋಧನಾ ಕೇಂದ್ರದ ವಿಜ್ಞಾನಿ ಮೇಡಂ ಠಾಣೆಗೆ ಬಂದರು. ಲಿವರ್‌ನ ಒಂದು ಕಿಣ್ವವನ್ನು ಸ್ಯಾಂಪಲ್‌ಗಳಲ್ಲಿ ಪತ್ತೆ ಹಚ್ಚುವ ಆಂಟಿಬಾಡಿ, ಹನ್ನೆರಡು ಪುಟ್ಟ ಸೀಸೆ, ಫ್ರೀಜರಿನಿಂದ ಮಾಯವಾಗಿತ್ತು. ಶನಿವಾರ ಇತ್ತು, ಇವತ್ತು ಇಲ್ಲ. ಮೂವತ್ತು ರೋಗಿಗಳ ಸ್ಯಾಂಪಲ್ ಕಾಯುತ್ತಿದೆ, ತಡವಾದರೆ ಕೆಡುತ್ತದೆ ಎಂದರು. ಇನ್‌ಸ್ಪೆಕ್ಟರಿಗೆ ಅರ್ಧ ಅರ್ಥವಾಯಿತು. ಉಳಿದರ್ಧಕ್ಕೆ ತಲೆಯಾಡಿಸಿ ಎಫ್‌ಐಆರ್ ದಾಖಲಿಸಿದರು.

11.30ಕ್ಕೆ ಪಂಚರ ಸಮಕ್ಷಮ ಸ್ಥಳ ಪಂಚನಾಮೆ. ಫ್ರೀಜರಿನ ಬೀಗ ಒಡೆದಿರಲಿಲ್ಲ. ಪಕ್ಕದಲ್ಲೇ ಇದ್ದ ದುಬಾರಿ ರಾಸಾಯನಿಕಗಳನ್ನು ಯಾರೂ ಮುಟ್ಟಿರಲಿಲ್ಲ.

"ಬೇರೆ ಲ್ಯಾಬಿನವರ ಕೆಲಸಾನೇ ಸಾರ್ ಇದು," ಎಂದ ಹೆಡ್ ಕಾನ್‌ಸ್ಟೇಬಲ್. ಅವನದು ಯಾವಾಗಲೂ ಹೀಗೇ, ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಆದರೆ ಫ್ರೀಜರಿನ ತಳದ ಹಿಮದಲ್ಲಿ ಅಂಟಿದ್ದ ಒಣ ಹುಲ್ಲಿನ ಎಳೆಯನ್ನು ಕಂಡವನೂ ಅವನೇ. ಅದನ್ನು ಲಕೋಟೆಗೆ ಹಾಕಿ ಸೀಲ್ ಮಾಡಿದರು.

"ಇಲ್ಲಿಗೆ ಹುಲ್ಲು ಎಲ್ಲಿಂದ ಬಂತು ಮೇಡಂ?"

"ಹಿಂದುಗಡೆ ಮೊಲದ ಕೋಣೆ ಇದೆ. ಆ ಕಿಣ್ವಾನ ಮೊಲಕ್ಕೆ ಚುಚ್ತೀವಿ, ಅದರ ರಕ್ತದಲ್ಲಿ ಆಂಟಿಬಾಡಿ ಹುಟ್ಟುತ್ತೆ. ಸೀಸೇಲಿ ಇದ್ದದ್ದು ಅದೇ."

"ಮೊಲ ನೋಡ್ಕೊಳ್ಳೋದು ಯಾರು?"

"ಮೊಲದಜ್ಜ ಅಂತೀವಿ. ಇವತ್ತು ಅವರಿಗೆ ರಜೆ. ರಕ್ತ ತಂದಿಡೋಕೆ ಅವರ ಹತ್ರಾನೂ ಕೀಲಿ ಇದೆ. ಆದ್ರೆ ಅವರು ಅಂಥವರಲ್ಲ ಸಾರ್."

ಮಧ್ಯಾಹ್ನ 1.15. ಎರಡನೇ ಮಹಡಿಯಲ್ಲಿ ಮೊಲದಜ್ಜನ ಒಂದೇ ಕೋಣೆಯ ಮನೆ. ಬಾಗಿಲು ತೆರೆದ ಮುದುಕ ಪೊಲೀಸರನ್ನು ಕಂಡವನೇ ಮೂಲೆಯ ಫ್ರಿಜ್ ಕಡೆ ನೋಡಿದ. ಕುಂಬಳಕಾಯಿ ಕಳ್ಳ ಎನ್ನುವ ಮೊದಲೇ ಹೆಗಲು ಮುಟ್ಟಿಕೊಂಡಿದ್ದ, ಪಾಪ. ಊಟದ ಡಬ್ಬಿಯೊಳಗೆ, ಮಂಜುಗಡ್ಡೆಯ ನಡುವೆ, ಹನ್ನೆರಡೂ ಸೀಸೆ ಇದ್ದವು. ಜಪ್ತಿ ಪಂಚನಾಮೆ ಬರೆದು 1.50ಕ್ಕೆ ಬಂಧಿಸಿದರು.

ಠಾಣೆಯಲ್ಲಿ ಇನ್‌ಸ್ಪೆಕ್ಟರ್ ಕೇಳಿದರು. "ಯಾರಿಗೆ ಮಾರೋಕಿದ್ರಿ ಅಜ್ಜಾ?"

"ಮಾರೋದಾ? ಸೀಸೆ ಸಾಕಷ್ಟಾಯ್ತು, ಬರೋ ಶುಕ್ರವಾರ ಮೊಲಾನ ಮುಗಿಸೋಣ ಅಂದ್ರು ಮೇಡಂ. ಸೀಸೆ ಇಲ್ದಿದ್ರೆ ಮೊಲ ಬೇಕಾಗುತ್ತಲ್ಲ ಸಾರ್? ಬದುಕಿಸಿ ಇಟ್ಕೋತಾರೆ."

"ಒಂದು ಮೊಲಕ್ಕೋಸ್ಕರ ಜೈಲಾ?"

"ಹದಿನಾರು ಮೊಲಾನ ಈ ಕೈಯಲ್ಲೇ ಎತ್ಕೊಂಡು ಹೋಗಿ ಕೊಟ್ಟಿದ್ದೀನಿ. ಇದು ಹಂಗಲ್ಲ. ನನ್ನ ಹೆಜ್ಜೆ ಸಪ್ಪಳ ಕೇಳಿದ್ರೆ ಸಾಕು, ಎದ್ದು ನಿಲ್ಲುತ್ತೆ. ಮನೇವಳು ಹೋದ ಮೇಲೆ ನನಗೋಸ್ಕರ ಎದ್ದು ನಿಲ್ಲೋರು ಯಾರೂ ಇರ್ಲಿಲ್ಲ."

ಹೇಳಿಕೆ ಬರೆದುಕೊಳ್ಳುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಪೆನ್ನು ಕೆಳಗಿಟ್ಟ.

ಇನ್‌ಸ್ಪೆಕ್ಟರ್ ವರಾಂಡಕ್ಕೆ ಹೋಗಿ ವಿಜ್ಞಾನಿಗೆ ಫೋನ್ ಮಾಡಿದರು. ಸೀಸೆ ಸಿಕ್ಕಿತು ಎಂದರು.

"ಸ್ಯಾಂಪಲ್ ಕೆಡ್ತಿತ್ತು ಸಾರ್. ಇನ್ನೊಂದು ಮೊಲ ತಯಾರಾಗೋಕೆ ತಿಂಗಳುಗಟ್ಟಲೆ ಬೇಕು. ನೀವು ಹೋದ ಮೇಲೆ ಆ ಮೊಲದ ರಕ್ತ ಪೂರ್ತಿ ತೆಗೆದ್ಬಿಟ್ವಿ."

ಇನ್‌ಸ್ಪೆಕ್ಟರ್ ಫೋನ್ ಜೇಬಿಗಿಟ್ಟರು. ಇಪ್ಪತ್ತೆರಡು ವರ್ಷದ ಸರ್ವಿಸ್‌ನಲ್ಲಿ ಎಷ್ಟು ಮನೆಗಳಿಗೆ ಸಾವಿನ ಸುದ್ದಿ ಮುಟ್ಟಿಸಿದ್ದರೋ ಲೆಕ್ಕವಿಲ್ಲ. ಇದೊಂದನ್ನು ಹೇಳದೆ ಬಿಡಬಹುದಿತ್ತು. ಆದರೆ ಒಳಗೆ ಬಂದಾಗ ಅಜ್ಜ ಅವರ ಮುಖವನ್ನೇ ನೋಡುತ್ತಿದ್ದ. ಅವರು ಪಕ್ಕದ ಬೆಂಚಿನ ಮೇಲೆ ಕೂತು ಮೆಲ್ಲಗೆ ಹೇಳಿದರು.

ಅಜ್ಜ ಅಳಲಿಲ್ಲ. ಇಷ್ಟೇ ಕೇಳಿದ.

"ಎತ್ಕೊಂಡು ಹೋದೋರು ಯಾರು ಸಾರ್? ಹೊಸಬರು ಮುಟ್ಟಿದ್ರೆ ಅದು ನಡುಗುತ್ತೆ."

ಅದನ್ನು ಇನ್‌ಸ್ಪೆಕ್ಟರ್ ವಿಜ್ಞಾನಿಯನ್ನು ಕೇಳಿರಲಿಲ್ಲ.