ನೂರ ನಲವತ್ತೆಂಟು ಡಿಗ್ರಿ

"ಅಯ್ಯೋ, ನಿಧಾನ ಕಣೇ! ಅದು ಕೈ, ಬೋರ್‌ವೆಲ್ ಹ್ಯಾಂಡಲ್ ಅಲ್ಲ!"

ಇಡೀ ಪ್ರ್ಯಾಕ್ಟಿಕಲ್ ಕೋಣೆ ಗೊಳ್ಳೆಂದು ನಕ್ಕಿತು. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಪರಿಚಯವಾಗಿ ಐದು ನಿಮಿಷ ಆಗಿಲ್ಲ, ಆಗಲೇ 'ಕಣೇ' ಅಂತೆ!

ಫಿಸಿಯೋಥೆರಪಿ ಕಾಲೇಜಿನ ಮೂರನೇ ವರ್ಷದ ಮೊದಲ ದಿನವದು. ರೋಗಿಗಳನ್ನು ಮುಟ್ಟುವ ಮೊದಲು ಒಬ್ಬರ ಮೈಮೇಲೆ ಇನ್ನೊಬ್ಬರು ಕಲಿಯಬೇಕೆಂದು ಮೇಡಂ ಎಲ್ಲರಿಗೂ ಜೋಡಿ ಮಾಡಿದ್ದರು. ಅವಳ ಪಾಲಿಗೆ ಬಂದದ್ದು ಈ ಮಹಾಶಯ! ಬೈಕಿನಿಂದ ಬಿದ್ದು ಭುಜ ಮುರಿದುಕೊಂಡು, ಒಂದು ವರ್ಷ ಕಳೆದುಕೊಂಡು ಇವರ ತರಗತಿಗೆ ಸೇರಿದ್ದ. ಎಲ್ಲರ ಬಾಯಲ್ಲಿ ಅವನು ಸೀನಿಯರ್, ಅವಳು ಬಿರುಗಾಳಿ.

"ಭುಜ ಪೂರ್ತಿ ವಾಸಿಯಾಗಿದೆ ತಾನೇ?" ಎಂದಳು.

"ಆಗಿದೆ. ನೀನು ಕಿತ್ತುಹಾಕದಿದ್ರೆ ಸಾಕು."

ಕೈ ಎಷ್ಟು ಮೇಲೇಳುತ್ತದೆ ಎಂದು ಕೋನ ಅಳೆಯುವ ಪಟ್ಟಿಯಿಟ್ಟು ನೋಡಿ ಬರೆಯುವುದು ವಾರವಾರದ ಕೆಲಸ. ಪುಸ್ತಕದಲ್ಲಿ ನೂರ ಎಂಬತ್ತು ಡಿಗ್ರಿ ಎಂದಿತ್ತು. ಅವಳು ಪಟ್ಟಿ ಇಟ್ಟ ಶಾಸ್ತ್ರ ಮಾಡಿ, ಕಣ್ಣೂ ಹಾಯಿಸದೆ ನೂರ ಎಂಬತ್ತು ಎಂದು ಗೀಚಿ ಮುಂದಕ್ಕೆ ಓಡುತ್ತಿದ್ದಳು. ವಯಸ್ಸಿನ ಹುಡುಗರ ಭುಜದಲ್ಲಿ ನೋಡುವುದೇನಿದೆ?

ಭುಜ ನೋಡಲಿಲ್ಲ ನಿಜ. ಮುಖವನ್ನು ಮಾತ್ರ ಕದ್ದು ಕದ್ದು ನೋಡುತ್ತಿದ್ದಳು! ಹನ್ನೆರಡು ವಾರದಲ್ಲಿ ಜಗಳ ಹರಟೆಯಾಗಿ, ಹರಟೆ ಇನ್ನೇನೋ ಆಗಿಬಿಟ್ಟಿತ್ತು. ಅವನು ಬಂದರೆ ಚಡಪಡಿಕೆ, ಬರದಿದ್ದರೆ ಇನ್ನೂ ಚಡಪಡಿಕೆ. "ಕಾಲಿಗೆ ಚಕ್ರ ಕಟ್ಕೊಂಡಿದ್ದೀಯೇನೇ? ಒಂದು ಕಡೆ ಕೂತ್ಕೋ!" ಎಂದು ಅಮ್ಮ ಬೈದದ್ದೂ ಆಯಿತು.

ಅರ್ಧವಾರ್ಷಿಕ ಪರೀಕ್ಷೆ ಬಂತು. ಯಾವತ್ತೂ ಕೂರಿಸಿ ಅಳೆಯುತ್ತಿದ್ದುದನ್ನು ಮೇಡಂ ಅಂದು, "ಮಲಗಿಸಿ ಮಾಡು, ಬೆನ್ನು ಏಳಬಾರದು," ಎಂದರು. ಅವಳು ಮೆಲ್ಲಗೆ ಕೈ ಎತ್ತಿದಳು, ದೇವರಾಣೆಗೂ ಮೆಲ್ಲಗೆ!

"ಆ...!" ಅವನು ಚೀರಿದ.

"ಏನಾಯ್ತು?" ಎಂದರು ಮೇಡಂ.

"ಅವಳು... ಜೋರಾಗಿ ಎಳೆದಳು, ಮೇಡಂ."

ಬಿರುಗಾಳಿಯ ಪರವಾಗಿ ಯಾರು ಬಾಯಿ ತೆರೆದಾರು? ಫೇಲ್! ಸೋಮವಾರ ಮರುಪರೀಕ್ಷೆ. ಅದೂ ಹೋದರೆ ವರ್ಷವೇ ಹೋದಂತೆ.

'ಸುಳ್ಳುಗಾರ... ಇವನಿಗಾಗಿ ದಿನಾ ಹತ್ತು ನಿಮಿಷ ಮೊದಲೇ ಬರುತ್ತಿದ್ದೆನಲ್ಲಾ!' ಅವನ ಮುಖ ಕಂಡರೆ ದಾರಿ ಬದಲಿಸಿದಳು. ರಾತ್ರಿ ನಿದ್ದೆಯಿಲ್ಲ, ಹಗಲು ಊಟ ಸೇರದು.

ಶನಿವಾರ ವಾರ್ಡಿನಲ್ಲಿ ಭುಜ ಮುರಿದ ಅಜ್ಜಿಯೊಬ್ಬರ ಪಕ್ಕ ನಿಂತಿದ್ದಳು. "ನೋವೇ ಇಲ್ಲ ಮಗಳೇ, ಮನೆಗೆ ಕಳಿಸಿಬಿಡಿ," ಎನ್ನುತ್ತ ಅಜ್ಜಿ ಬೆನ್ನು ಹಿಂದಕ್ಕೆ ಬಾಗಿಸಿ, ಹಲ್ಲು ಕಚ್ಚಿ ನಕ್ಕು, ಕೈ ಎತ್ತಿ ತೋರಿಸಿದರು. ಎತ್ತಿದ್ದು ಬೆನ್ನಿನ ಬಲದಿಂದ, ಕೈಯಿಂದಲ್ಲ.

ಈ ಬಾಗು, ಈ ನಗು... ಅವನಲ್ಲಿ ಹನ್ನೆರಡು ವಾರ ಕಣ್ಣೆದುರೇ ಇತ್ತಲ್ಲ!

ಮೆಟ್ಟಿಲ ಬಳಿ ಅವನನ್ನು ಅಡ್ಡಗಟ್ಟಿದಳು. "ನಿನ್ನ ಭುಜ ವಾಸಿಯಾಗಿಲ್ಲ, ಅಲ್ವಾ?"

ಅವನು ತಲೆ ತಗ್ಗಿಸಿದ. "ಗೊತ್ತಾದ್ರೆ ರೋಗಿಗಳನ್ನ ಎತ್ತೋಕೆ ಬಿಡಲ್ಲ. ಇನ್ನೊಂದು ವರ್ಷ ಹೋಗುತ್ತೆ. ಅಪ್ಪನಿಗೆ ಏನಂತ ಹೇಳಲಿ... ಆ ಭಯಕ್ಕೆ ಸುಳ್ಳು ಹೇಳ್ಬಿಟ್ಟೆ."

"ಅದಕ್ಕೆ ನನ್ನ ತಲೆಗೆ ಕಟ್ಟಿದ್ಯೇನೋ!"

"ತಪ್ಪಾಯ್ತು. ಎಷ್ಟು ಬೇಕಾದ್ರೂ ಬೈ."

ಬೈಯಲು ಬಾಯಿ ತೆರೆದಳು, ಬಂದದ್ದು ಅಳು. "ಪ್ರತಿ ವಾರ ನೋಡದೇ ಬರೆದೆನಲ್ಲೋ... ಒಂದು ಸಲ ನೋಡಿದ್ರೂ ಗೊತ್ತಾಗ್ತಿತ್ತು."

ಸೋಮವಾರ ಅವನು ಮಂಚದ ಮೇಲೆ ಮಲಗಿದ. ಅವನ ಮುಖದ ಮೇಲೆ ಕಣ್ಣಿಟ್ಟೇ ಕೈ ಎತ್ತಿದಳು. ಹುಬ್ಬು ಗಂಟಿಕ್ಕಿದ ತಕ್ಷಣ ನಿಲ್ಲಿಸಿ ಪಟ್ಟಿ ನೋಡಿದಳು. ನೂರ ನಲವತ್ತೆಂಟು. ಪೆನ್ನು ಕೈಗೆತ್ತಿಕೊಂಡಳು, ಬರೆಯಲಿಲ್ಲ.

"ಇದ್ದದ್ದನ್ನ ಬರಿ," ಅವನು ಪಿಸುಗುಟ್ಟಿದ.

"ನಿನ್ನ ವರ್ಷ..."

"ನಾಳೆ ನನ್ನ ಕೈಯಿಂದ ಯಾರಾದ್ರೂ ಜಾರಿ ಬಿದ್ರೆ?" ಎಂದವನೇ ಎದ್ದು ಕುಳಿತ. "ಮೇಡಂ, ಅವತ್ತು ಇವಳು ಎಳೆದಿರಲಿಲ್ಲ. ಸುಳ್ಳು ಹೇಳಿದ್ದು ನಾನು."

ಅವಳು ಕಣ್ಣು ಮುಚ್ಚಿ ತೆರೆದು, ಇದ್ದದ್ದನ್ನೇ ಬರೆದಳು.

ಅವಳು ಪಾಸಾದಳು. ಅವನಿಗೆ ಇನ್ನೊಂದು ವರ್ಷ ಚಿಕಿತ್ಸೆ, ವಾರ್ಡಿನ ಬಾಗಿಲು ಬಂದ್.

ಕಾರಿಡಾರಿನ ಬೆಂಚಿನ ಮೇಲೆ ಅವಳು ಬಿಕ್ಕುತ್ತ ಕುಳಿತಿದ್ದಳು.

"ಪಾಸಾದವಳು ಅಳೋದಾ?" ಅವನು ಪಕ್ಕದಲ್ಲಿ ಕುಳಿತ.

"ದಿನಾ ಸಂಜೆ ನಿನಗೆ ವ್ಯಾಯಾಮ ಮಾಡಿಸೋಳು ನಾನೇ. ಮೇಡಂ ಒಪ್ಪಿದ್ದಾರೆ."

"ನಿನಗೆ ಅನ್ಯಾಯ ಮಾಡಿದವನು ನಾನು..."

"ಹೌದು, ಮಾಡಿದೆ! ಕೋಪ ಇನ್ನೂ ಇಳಿದಿಲ್ಲ. ಆದ್ರೂ ನಿನ್ನ ಬಿಟ್ಟಿರೋಕಾಗಲ್ಲ... ಏನ್ಮಾಡ್ಲಿ ಹೇಳು!"

"ನನಗೂ ಆಗಲ್ಲ ಕಣೇ," ಎಂದ ಅವನು.

"ಹಾಗಾದ್ರೆ ನೋವಾದ್ರೆ ಬಾಯಿಬಿಟ್ಟು ಹೇಳ್ಬೇಕು. ಮುಚ್ಚಿಡಬಾರದು."

"ಈಗ್ಲೇ ನೋಯ್ತಿದೆ."

ಅವಳು ಗಾಬರಿಯಾದಳು. "ಎಲ್ಲಿ? ಭುಜಾನಾ?"

"ಅಲ್ಲ. ನೀನು ಅಳ್ತಿದ್ದೀಯಲ್ಲ, ಅದಕ್ಕೆ."

ಅವಳು ಎರಡೂ ಅಂಗೈಗಳಿಂದ ಕೆನ್ನೆ ಒರೆಸಿಕೊಂಡಳು. "ನಿಲ್ಲಿಸಿದೆ. ಈಗ?"

"ಈಗ ಪರವಾಗಿಲ್ಲ," ಎಂದು ಅವನು ಅವಳ ಕೈ ಹಿಡಿದುಕೊಂಡ.