ಮೂರು ಗಂಟೆಯ ಸಾಲು

ಗುರುವಾರ ಸಂಜೆ ನಾಲ್ಕು ಹತ್ತಕ್ಕೆ ಠಾಣೆಗೆ ದೂರು ಬಂತು. ತಂದವರು ಸುತ್ತ ಗೋಡೆ ಕಟ್ಟಿಕೊಂಡ ಬಡಾವಣೆಯೊಂದರ ನಿವಾಸಿಗಳ ಸಂಘದ ಅಧ್ಯಕ್ಷರು. ಸಂಘದ ಕಾರ್ಯದರ್ಶಿ ಕಚೇರಿಯಲ್ಲೇ ತಲೆಯೊಡೆದು ಸತ್ತುಬಿದ್ದಿದ್ದಾರೆ, ಮೊದಲು ಕಂಡವಳು ಕಸ ಗುಡಿಸುವ ಹೆಂಗಸು, ಅವಳ ಮೇಲೇ ಅನುಮಾನ. ಎಫ್‌ಐಆರ್ ಆಯಿತು.

ಇನ್‌ಸ್ಪೆಕ್ಟರ್ ಕಚೇರಿಗೆ ಕಾಲಿಟ್ಟಾಗ ನಾಲ್ಕು ಮೂವತ್ತೈದು. ಕಿಟಕಿಯ ಬಳಿ ಬಿಚ್ಚಿಟ್ಟಿದ್ದ ಮಡಚುವ ಕಬ್ಬಿಣದ ಕುರ್ಚಿಯ ಮೇಲೆ ಕೂತು ಕಾನ್‌ಸ್ಟೇಬಲ್ ಪಂಚನಾಮೆ ಬರೆದ. ಮುತ್ತು ಪೋಣಿಸಿದಂಥ ಬರಹದಿಂದಾಗಿ ಅವನಿಗೆ ಠಾಣೆಯಲ್ಲಿ ದುಂಡಕ್ಷರ ಎಂದೇ ಹೆಸರು. ಪೆಟ್ಟು ಕಬ್ಬಿಣದ್ದು, ಸಾವು ಎರಡೂವರೆಯಿಂದ ಮೂರೂವರೆಯ ನಡುವೆ ಎಂದರು ವೈದ್ಯರು. ಆಯುಧ ಸಿಗಲಿಲ್ಲ.

"ಕ್ಯಾಮೆರಾ?"

"ಮೂವತ್ತೆರಡಿವೆ." ಅಧ್ಯಕ್ಷರ ದನಿಯಲ್ಲಿ ಆ ಹೊತ್ತಲ್ಲೂ ಹೆಮ್ಮೆ. "ಒಂಬತ್ತು ವರ್ಷದಲ್ಲಿ ಒಂದು ಚಪ್ಪಲೀನೂ ಕಳುವಾಗಿಲ್ಲ ಸಾರ್. ಮಕ್ಕಳು ರಸ್ತೇಲೇ ಆಡ್ತಾವೆ."

"ಒಳಗಡೆಗೆ ತಿರುಗಿರೋವು ಎಷ್ಟು?"

"ಒಳಗಡೆಗ್ಯಾಕೆ ಸಾರ್? ಒಳಗಿರೋದು ನಾವೇ ಅಲ್ವಾ?"

ಹೊರಗಿನಿಂದ ಯಾರೂ ಬಂದಿರಲಿಲ್ಲ. ಮೂವತ್ತೆರಡು ಕ್ಯಾಮೆರಾಗಳೂ ಹೇಳಿದ್ದು ಅಷ್ಟೇ.

"ಅದಕ್ಕೇ ಹೇಳ್ತಿರೋದು, ಆ ಕಸದವಳೇ. ಕತ್ತಲಾಗೋದ್ರೊಳಗೆ ಅರೆಸ್ಟ್ ಮಾಡಿಬಿಡಿ, ಜನ ಹೆದರಿದ್ದಾರೆ."

ಅವಳು ಜಗಲಿಯಲ್ಲಿ ಮಹಿಳಾ ಪೇದೆಯ ಪಕ್ಕ ಮುದುಡಿದ್ದಳು. "ಪೊರಕೆ ಹಿಡ್ಕೊಂಡು ಹೋದೆ, ಹೆಣ ನೋಡಿ ಕಿರುಚಿದೆ. ಬಾಯ್ಮುಚ್ಕೊಂಡು ಗುಡಿಸಿ ಬಂದಿದ್ರೆ ಬಚಾವಾಗ್ತಿದ್ದೆನೇನೋ ಸಾರ್."

ಐದೂವರೆಗೆ ಇನ್‌ಸ್ಪೆಕ್ಟರ್ ಗೇಟಿಗೆ ಬಂದರು. ಕಾವಲುಗಾರ ಅರವತ್ತರ ಅಂಚಿನವನು. ಗಂಟೆಗೊಮ್ಮೆ ಪುಸ್ತಕದಲ್ಲಿ ವೇಳೆ ಬರೆದು, 'ಎಲ್ಲ ಸರಿ' ಎಂದು ಸಹಿ ಹಾಕಬೇಕು, ಪುಸ್ತಕ ಕೈಬಿಡಬಾರದು. ಅದು ಸಂಘದ ನಿಯಮ. ಪುಸ್ತಕ ವಶಪಡಿಸಿಕೊಂಡು ಇನ್ನೊಂದು ಪಂಚನಾಮೆ ಬರೆಯಲು ಹೇಳಿದರು. ದುಂಡಕ್ಷರ ಎಡ ಮುಂಗೈಯ ಮೇಲೆ ರಟ್ಟಿಟ್ಟುಕೊಂಡು ಗೀಚಿದ.

"ಏನಯ್ಯಾ ಇದು, ಅಕ್ಷರವೋ ಕೋಳಿ ಕೆದರಿದ್ದೋ?"

"ನಿಂತು ಬರೆದ್ರೆ ಇನ್ನೇನಾಗುತ್ತೆ ಸಾರ್? ಇಲ್ಲೊಂದು ಕುರ್ಚಿನೂ ಇಲ್ಲ."

ಪೇದೆಯಾಗಿದ್ದಾಗ ಬಂದೋಬಸ್ತಿನಲ್ಲಿ ದಿನವಿಡೀ ನಿಂತು ಬರೆದ ಕೈ ಇನ್‌ಸ್ಪೆಕ್ಟರದ್ದು. ಅವರು ಪುಸ್ತಕವನ್ನು ಮತ್ತೆ ತೆರೆದರು. ತಿಂಗಳುಗಟ್ಟಲೆ ಪುಟಗಳಲ್ಲಿ ಅಕ್ಷರಗಳು ಕಾಲುಜಾರಿ ಬಿದ್ದಂತಿದ್ದವು. ಇವತ್ತಿನ ಒಂದೇ ಒಂದು ಸಾಲು ದಾರ ಹಿಡಿದಷ್ಟು ನೇರ. ಮೂರು ಗಂಟೆ. ಎಲ್ಲ ಸರಿ.

"ಯಜಮಾನ್ರೇ, ಮೂರು ಗಂಟೆಗೆ ಎಲ್ಲಿ ಕೂತಿದ್ರಿ?"

ಮುದುಕ ತಲೆತಗ್ಗಿಸಿ ಕಾಲು ನೋಡಿಕೊಂಡ. ಬೂಟಿನ ಲಾಡಿ ಕಟ್ಟಲಾಗದಷ್ಟು ಊದಿದ್ದವು.

ಇನ್‌ಸ್ಪೆಕ್ಟರ್ ಕಚೇರಿಗೆ ಹಿಂತಿರುಗಿ ಕಬ್ಬಿಣದ ಕುರ್ಚಿಯನ್ನು ಬೋರಲು ಹಾಕಿಸಿದರು. ಬೆನ್ನ ಹಿಂದೆ ಬಣ್ಣದಲ್ಲಿ 'ಗೇಟು' ಎಂದು ಬರೆದಿತ್ತು. ಮಡಿಕೆಯ ಸಂದಿನಲ್ಲಿ ಒಣಗಿದ ರಕ್ತ.

ದುಂಡಕ್ಷರ ಬಿಳಿಚಿಕೊಂಡ. "ಅಯ್ಯೋ, ಇದರ ಮೇಲೇ ಕೂತು..."

"ಬರೆದೆ. ಅದನ್ನೂ ಬರಿ."

ಆರು ಇಪ್ಪತ್ತಕ್ಕೆ ಬಂಧನ. ಅಧ್ಯಕ್ಷರು ಹಣೆ ಚಚ್ಚಿಕೊಂಡರು. "ಬೇಲಿನೇ ಎದ್ದು ಹೊಲ ಮೇಯ್ತಲ್ಲ ಸಾರ್!"

"ಬೇಲಿಗೆ ಕಾಲು ನೋಯಲ್ಲ. ಇವರಿಗೆ ನೋಯ್ತಿತ್ತು."

ಗುಡಿಸುವವಳನ್ನು ಮನೆಗೆ ಕಳಿಸಿದರು. "ನಾಳೆ ಕೆಲಸಕ್ಕೆ ಸೇರಿಸ್ಕೊಳ್ತಾರಾ ಸಾರ್?" ಎಂದಳು.

ಠಾಣೆಯಲ್ಲಿ ಮುದುಕನನ್ನು ಕೂರಿಸಿ ಹೇಳಿಕೆ ಪಡೆದರು. ಏಳು ತಿಂಗಳ ಹಿಂದೆ ಅವನು ಕೂತು ತೂಕಡಿಸುವ ಫೋಟೋವನ್ನು ಯಾರೋ ನಿವಾಸಿಗಳ ವಾಟ್ಸಾಪ್ ಗುಂಪಿಗೆ ಹಾಕಿದ್ದರು. ಮರುದಿನವೇ ಕಾರ್ಯದರ್ಶಿ ಗೇಟಿನ ಕುರ್ಚಿಯನ್ನು ಕಚೇರಿಗೆ ಸೇರಿಸಿದ್ದರು.

"ಕುರ್ಚಿ ಕೇಳೋಕೆ ಹೋದೆ ಸಾರ್. ಹನ್ನೆರಡು ಗಂಟೆ ನಿಲ್ಲಕ್ಕಾಗಲ್ಲ ಅಂದೆ. ನಿಲ್ಲಕ್ಕಾಗದಿದ್ರೆ ಮನೆಗೋಗಿ ಮಲ್ಕೋ, ನಿನ್ನಂಥವರು ಹತ್ತು ಜನ ಸಿಗ್ತಾರೆ ಅಂದ್ರು. ಮಡಚಿದ ಕುರ್ಚಿ ಕೈಗೆ ಸಿಕ್ತು."

"ಹೊಡೆದ ಮೇಲೆ?"

"ಒರೆಸಿದೆ. ಬಿಚ್ಚಿ, ಕೂತೆ. ಓಡೋಣ ಅನ್ನಿಸ್ಲಿಲ್ಲ, ಕೂತೇ ಇರೋಣ ಅನ್ನಿಸ್ತು. ಗಡಿಯಾರ ಮೂರು ಹೊಡೀತು. ಬರೀಬೇಕಲ್ಲ, ಬರೆದೆ."

ದುಂಡಕ್ಷರ ಕಾಗದವನ್ನು ಮೇಜಿನ ಮೇಲೆ ಅವನತ್ತ ಸರಿಸಿ ಪೆನ್ನು ಕೊಟ್ಟ. ಸಹಿ ಹಾಕಲು ಮುದುಕ ಎದ್ದು ನಿಂತ.