ಕಣಜ ಸುಟ್ಟವನ ಹಾಳೆ

ಜಾಂದಿರಾ ಕೈ ಚಾಚಿದ್ದು ಒಟೋನಿಯೆಲ್‌ನ ಕೈ ಹಿಡಿದುಕೊಳ್ಳಲು. ಅವನು ಆ ಅಂಗೈಯ ಮೇಲೆ ತನ್ನ ಹಾಳೆ ಇಟ್ಟು, ಜಾಕೆಟ್ ಎತ್ತಿಕೊಂಡು, ಮೆಟ್ಟಿಲಿಳಿದು ಹೋಗಿಬಿಟ್ಟ.

ತಪ್ಪು ಅವನದಲ್ಲ. ಆ ಮೇಜಿನ ಪದ್ಧತಿಯೇ ಹಾಗೆ. ಬೆಲೊ ಒರಿಜಾಂಟೆ ನಗರದ ಸಾಂತಾ ತೆರೆಜಾ ಬಡಾವಣೆಯಲ್ಲಿ, ಡೋನಾ ಜುಲೇಯ್ಕಾ ಅವರ ಬ್ಯೂಟಿ ಪಾರ್ಲರಿನ ಮಹಡಿಯಲ್ಲಿ, ಶನಿವಾರ ಮಧ್ಯಾಹ್ನಗಳಂದು ಅವರು ದಾಳ ಉರುಳಿಸಿ ಒಂದು ಕಥೆ ಆಡುತ್ತಿದ್ದರು. ಕಥೆ ನಡೆಸುವವಳು ಜಾಂದಿರಾ. ಅವಳೇ ಮೇಷ್ಟ್ರು. ಜುಲೇಯ್ಕಾ, ಬಸ್ ಡ್ರೈವರ್ ವಾಂಡರ್ ಮತ್ತು ಒಟೋನಿಯೆಲ್ ಆ ಕಥೆಯೊಳಗಿನ ವೀರರು. ವೀರನ ಬಲ, ಆಯುಧ, ಗಾಯ ಎಲ್ಲವನ್ನೂ ಬರೆದ ಹಾಳೆ ಆಟಗಾರನ ಬಳಿ ಇರುತ್ತದೆ. ವೀರ ಕೆಟ್ಟ ದಾರಿ ಹಿಡಿದರೆ ಮೇಷ್ಟ್ರು ಮಾತಾಡದೆ ಅಂಗೈ ಚಾಚುತ್ತಾರೆ. ಹಾಳೆ ಕೊಡಬೇಕು. ಅಲ್ಲಿಂದಾಚೆ ಅವನು ಖಳ, ಮೇಷ್ಟ್ರ ಸೊತ್ತು.

ಆ ದಿನ ಒಟೋನಿಯೆಲ್‌ನ ವೀರ ಆನ್ಸೆಲ್ಮೊ, ಬಡವರ ರಕ್ಷಕನೆಂದು ಹೆಸರಾದವನು, ಅವರ ಶತ್ರು ದೊರೆಸಾನಿ ಗಿಯೋಮಾರಳ ಕಣಜಕ್ಕೆ ಬೆಂಕಿ ಇಟ್ಟಿದ್ದ. ಅವಳ ಸೈನ್ಯದ ಅನ್ನ ಸುಟ್ಟರೆ ಯುದ್ಧ ಗೆದ್ದಂತೆ. ವಾಂಡರ್ ಮೇಜು ಕುಟ್ಟಿ ಕೂಗಿದ. ಆಮೇಲೆ ಜಾಂದಿರಾ ಕಣಜದೊಳಗೆ ಸತ್ತವರ ಹೆಸರು ಹೇಳಿದಳು. ಊರೂರು ಲೂಟಿ ಮಾಡಿದ್ದ ಅದೇ ದೊರೆಸಾನಿ ಅವತ್ತು ಹಸಿದವರನ್ನು ಕರೆದು, ಗಂಜಿ ಹಾಕಿಸಿ, ಕಣಜದಲ್ಲೇ ಮಲಗಿಸಿದ್ದಳು.

ಒಟೋನಿಯೆಲ್‌ನ ಮುಖ ಸುಣ್ಣದಂತಾಯಿತು. ಅದನ್ನು ನೋಡಲಾಗದೆ ಜಾಂದಿರಾ ಕೈ ಚಾಚಿದ್ದಳು.

ಹಿಂದೆಯೇ ಓಡಿಹೋಗಿ ಹೇಳಬಹುದಿತ್ತು. ಏನೆಂದು? ನಿನ್ನ ಹಾಳೆ ಬೇಡ, ನೀನು ಬೇಕು ಎಂದೇ? ಆ ಮಾತು ಅವಳ ಬಾಯಿಗೆ ಬರುವಂತಿದ್ದರೆ ಯಾವತ್ತೋ ಬರುತ್ತಿತ್ತು. ಅವಳು ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಅಪರಿಚಿತರ ಕಣ್ಣೊಳಗೆ ಇಣುಕುವವಳು. ಇವನ ಕಣ್ಣು ಮಾತ್ರ ಎದುರಾದರೆ ದಾಳ ಎಣಿಸತೊಡಗುತ್ತಿದ್ದಳು.

ಅವನಿಂದ ಒಂದೇ ಮೆಸೇಜ್ ಬಂದಿತ್ತು: 'ನೀನು ಮಾಡಿದ್ದು ಸರಿ. ನಾನಿನ್ನು ಆಟಕ್ಕೆ ಬರಲ್ಲ.' ಅವಳು ಉತ್ತರ ಟೈಪ್ ಮಾಡಿದಳು, ಅಳಿಸಿದಳು, ಮತ್ತೆ ಟೈಪ್ ಮಾಡಿದಳು. ಕೊನೆಗೆ ಕಳಿಸಿದ್ದು 'ಓಕೆ'.

ಆಟ ಮಾತ್ರ ಮುಂದುವರಿಯಿತು. ಆನ್ಸೆಲ್ಮೊನನ್ನು ಈಗ ಅವಳೇ ಖಳನಾಗಿ ಆಡಿಸಬೇಕು. ಅದು ಅವಳಿಂದ ಆಗುತ್ತಿರಲಿಲ್ಲ.

"ಏನ್ ಮೇಷ್ಟ್ರೇ ಇದು?" ವಾಂಡರ್ ರೇಗಿದ. "ಹೋದ ವಾರ ಈ ಖಳ ಮುದುಕಿಗೆ ಕಂಬಳಿ ಹೊದಿಸ್ದ. ಇವತ್ತು ಹಸೂಗೆ ಹೆರಿಗೆ ಮಾಡಿಸ್ತಿದಾನೆ. ನಾನು ಅವನ ತಲೆ ತೆಗೆಯೋದು ಯಾವಾಗ?"

"ಕುತಂತ್ರ ಕಣೋ. ಮೊದ್ಲು ನಂಬಿಕೆ ಗಳಿಸ್ತಿದಾನೆ."

"ಹಸುವಿನ ನಂಬಿಕೇನಾ?"

ಜುಲೇಯ್ಕಾ ಬಿಸಿ ಪಾಂವ್ ಜಿ ಕೇಜೊ ಚೀಸ್ ಬನ್ನುಗಳ ತಟ್ಟೆಯನ್ನು ಅವನತ್ತ ತಳ್ಳಿ ಬಾಯಿ ಮುಚ್ಚಿಸಿದರು. ವಾಂಡರ್ ತಿನ್ನತೊಡಗಿದ ಮೇಲೆ ಜಾಂದಿರಾಳ ಕಡೆ ಬಾಗಿ ಪಿಸುಗುಟ್ಟಿದರು.

"ಖಳ ನಕ್ಕಾಗ ಎಡಗೆನ್ನೆಯಲ್ಲಿ ಗುಳಿ ಬಿತ್ತು ಅಂದ್ಯಲ್ಲ ಈಗ. ಹಾಳೆಯಲ್ಲಿ ಹಾಗೇನೂ ಬರ್ದಿಲ್ಲ ಕಣಮ್ಮ."

ಜಾಂದಿರಾ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡಳು. ಲೋಟ ತುಂಬಿ ಚೆಲ್ಲಿತು.

ಮುಂದಿನ ಶನಿವಾರ ಕಥೆಯೊಳಗೆ ಜುಲೇಯ್ಕಾ ಆಡಿಸುವ ಕಳ್ಳಿಯೂ ವಾಂಡರ್ ಆಡಿಸುವ ಕೊಡಲಿ ಹಿಡಿದ ಕುಳ್ಳನೂ ಸೇರಿ ಆನ್ಸೆಲ್ಮೊನನ್ನು ಹಿಡಿದರು. ಹಿಡಿಯುವುದೇನೂ ಕಷ್ಟವಾಗಲಿಲ್ಲ. ಅವನು ಕರುವಿಗೆ ಹಾಲು ಕುಡಿಸುತ್ತಿದ್ದ. ಊರ ಚೌಕದಲ್ಲಿ ವಿಚಾರಣೆ ಶುರುವಾಯಿತು. ಒಪ್ಪುವ ಉತ್ತರ ಬಂದರೆ ಬಿಡುಗಡೆ, ಇಲ್ಲದಿದ್ದರೆ ಕೊಡಲಿ. ಒಮ್ಮೆ ಸತ್ತರೆ ಆ ಮೇಜಿನಲ್ಲಿ ಯಾರೂ ಮರಳಿ ಬರುವಂತಿರಲಿಲ್ಲ. ಆನ್ಸೆಲ್ಮೊ ಸತ್ತರೆ ಒಟೋನಿಯೆಲ್ ಬರಲು ಏನು ಉಳಿಯುತ್ತದೆ ಎಂದು ಜಾಂದಿರಾ ಬೆಳಗಿನಿಂದ ಯೋಚಿಸಿದ್ದಳು.

"ಒಳಗೆ ಜನ ಇದ್ದದ್ದು ನಿಂಗೆ ಗೊತ್ತಿತ್ತೋ ಇಲ್ವೋ?" ವಾಂಡರ್ ಕುಳ್ಳನ ದಪ್ಪ ದನಿಯಲ್ಲಿ ಕೇಳಿದ.

ಆನ್ಸೆಲ್ಮೊ ಬೆಂಕಿ ಇಡುವ ಮೊದಲು ಜಾಂದಿರಾ ಸ್ಪಷ್ಟವಾಗಿ ಹೇಳಿದ್ದಳು: ಒಳಗಿನಿಂದ ಯಾರೋ ಕೆಮ್ಮಿದ ಸದ್ದು. ಆಗ ವಾಂಡರ್ ಕಿರುಚುತ್ತಿದ್ದ. ಒಟೋನಿಯೆಲ್‌ಗೆ ಕೇಳಿಸಿರಲಿಕ್ಕಿಲ್ಲ ಎಂದು ಆಮೇಲೆ ಅವಳೇ ತೀರ್ಮಾನಿಸಿಕೊಂಡಿದ್ದಳು.

"ಗೊತ್ತಿರ್ಲಿಲ್ಲ," ಎಂದಳು ಆನ್ಸೆಲ್ಮೊನ ದನಿಯಲ್ಲಿ. "ನಂಗೇನೂ ಕೇಳಿಸ್ಲಿಲ್ಲ."

"ಕೇಳಿಸ್ತು."

ಬಾಗಿಲಲ್ಲಿ ಒಟೋನಿಯೆಲ್ ನಿಂತಿದ್ದ. ಕೈಯಲ್ಲಿ ಸ್ಪ್ಯಾನರ್, ಮೈಮೇಲೆ ಲಿಫ್ಟ್ ಕಂಪನಿಯ ನೀಲಿ ಅಂಗಿ. ಕೂದಲು ಒಣಗಿಸುವ ಯಂತ್ರ ಕೆಟ್ಟಿದೆ ಎಂದು ಜುಲೇಯ್ಕಾ ಅವನನ್ನು ಕೆಳಗಿನ ಪಾರ್ಲರಿಗೆ ಕರೆಸಿದ್ದರು.

"ಡೋನಾ, ಅದಕ್ಕೇನೂ ಆಗಿಲ್ಲ. ಪ್ಲಗ್ ಕಳಚಿತ್ತು ಅಷ್ಟೇ."

"ಹೌದಾ? ವಯಸ್ಸಾಯ್ತಲ್ಲ ಮಗನೇ, ಕಾಣಿಸಲ್ಲ," ಎಂದರು ಜುಲೇಯ್ಕಾ, ಜಾಂದಿರಾ ಮಾಡಿಕೊಟ್ಟಿದ್ದ ಹೊಸ ಕನ್ನಡಕ ಸರಿಪಡಿಸಿಕೊಳ್ಳುತ್ತ.

ಅವನು ನಗಲಿಲ್ಲ. ಜಾಂದಿರಾಳನ್ನೇ ನೋಡುತ್ತಿದ್ದ. ಈ ಸಲ ಅವಳು ದಾಳ ಎಣಿಸಲಿಲ್ಲ.

"ಆನ್ಸೆಲ್ಮೊ ಸುಳ್ಳು ಹೇಳಲ್ಲ," ಎಂದ. "ಕೆಮ್ಮು ಕೇಳಿಸ್ತು. ಇಲಿ ಇರ್ಬೇಕು ಅಂದ್ಕೊಂಡೆ. ಇಲಿ ಹಾಗೆ ಕೆಮ್ಮಲ್ಲ ಅಂತಾನೂ ಗೊತ್ತಿತ್ತು. ಬೆಂಕಿ ಇಟ್ಟೆ."

"ಆಟ ಕಣೋ ಮಾರಾಯ!" ಎಂದ ವಾಂಡರ್.

"ಆಡಿದ್ದು ಯಾರು? ಆ ಕೈ ನಂದೇ ತಾನೆ?"

"ಮತ್ತೆ ಯಾಕೆ ಇಟ್ಟೆ?" ಜಾಂದಿರಾ ಕೇಳಿದಳು. ದನಿ ಮೇಷ್ಟ್ರದ್ದಾಗಿರಲಿಲ್ಲ.

"ಎಲ್ರೂ ನನ್ನೇ ನೋಡ್ತಿದ್ರಿ. ನೀನೂ." ಅವನು ಸ್ಪ್ಯಾನರನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದ. "ನಿನ್ನ ಮುಂದೆ ವೀರ ಆಗ್ಬೇಕಿತ್ತು. ಆದೆ. ಅಷ್ಟು ಜನ ಸತ್ರು."

ಕೆಳಗೆ ಬೀದಿಯಲ್ಲಿ ಬಸ್ಸೊಂದು ಏರು ಹತ್ತಲು ಗೇರ್ ಬದಲಿಸಿತು.

ವಾಂಡರ್ ಗಂಟಲು ಸರಿಪಡಿಸಿಕೊಂಡು, "ಹಾಗಾದ್ರೆ ಆಯ್ತಲ್ಲ, ಒಪ್ಕೊಂಡ. ಕೊಡಲಿ ಎತ್ಲಾ?" ಎಂದ.

"ಕೂತ್ಕೋ," ಎಂದರು ಜುಲೇಯ್ಕಾ. "ನಿನ್ನ ಕುಳ್ಳ ಸೆರೆಸಿಕ್ಕವರನ್ನ ಒಂದು ಪೀಪಾಯಿ ಹೆಂಡಕ್ಕೆ ಮಾರ್ದ. ನನ್ನ ಕಳ್ಳಿ ಸತ್ತವನ ಬಾಯಿಂದ ಚಿನ್ನದ ಹಲ್ಲು ಕಿತ್ತಳು. ಅವತ್ತು ಹಸಿದವರಿಗೆ ಗಂಜಿ ಹಾಕಿದ್ದು ನಾವ್ಯಾರೂ ಅಲ್ಲ, ಆ ಲೂಟಿಕೋರ ಹೆಂಗಸು. ನಾವೇನು ತೀರ್ಪು ಕೊಡೋದು? ಇವನು ಹೋಗಿ ಅವಳ ಹೊಸ ಕಣಜಕ್ಕೆ ಮೂಟೆ ಹೊರ್ಲಿ."

"ವೀರ ಹೋಗಿ ಖಳನಾಯಕಿಗೆ ಕೂಲಿ ಮಾಡೋದಾ?"

"ಹೊರ್ತಾನೆ," ಎಂದ ಒಟೋನಿಯೆಲ್. ಸ್ವಲ್ಪ ತಡೆದು, "ಆದ್ರೆ ಲೂಟಿ ಮಾಡಿ ತಂದ ಧಾನ್ಯ ಹೊರಲ್ಲ. ಅದಕ್ಕೆ ದಿನಾ ಅವಳ ಜೊತೆ ಜಗಳ ಆಡ್ತಾನೆ," ಎಂದು ಸೇರಿಸಿದ.

"ಆಡ್ಲಿ," ಎಂದಳು ಜಾಂದಿರಾ. "ಅವಳಿಗೂ ಜಗಳ ಆಡೋರು ಯಾರೂ ಇಲ್ಲ."

ಹಾಳೆ ಮರಳಿ ಕೊಡುವ ಪದ್ಧತಿ ಇಲ್ಲ ಎಂದು ವಾಂಡರ್ ತಕರಾರು ತೆಗೆದ. ಇದುವರೆಗೆ ಯಾರೂ ಕೇಳಿಲ್ಲ, ಅದಕ್ಕೇ ಇಲ್ಲ ಎಂದು ಜುಲೇಯ್ಕಾ ಕೊಡುವುದರ ಪರವಾಗಿ ಕೈ ಎತ್ತಿದರು. ವಾಂಡರ್ ಅವರನ್ನು ನೋಡಿದ, ಖಾಲಿಯಾಗುತ್ತಿದ್ದ ತಟ್ಟೆಯನ್ನು ನೋಡಿದ, ಬಾಯಿ ತುಂಬಿಕೊಂಡೇ ಕೈ ಎತ್ತಿದ.

ಜಾಂದಿರಾ ಹಾಳೆಯನ್ನು ಮೇಜಿನ ಮೇಲೆ ಅವನ ಹಳೆಯ ಜಾಗಕ್ಕೆ ಸರಿಸಿದಳು. ಕುರ್ಚಿಯನ್ನು ಯಾರೂ ತೆಗೆದಿರಲಿಲ್ಲ. ಅವನು ಕೂತ.

"ಅವತ್ತು ನೀನು ಹಾಳೆ ಕೇಳ್ದಾಗ ನ್ಯಾಯ ಅನ್ನಿಸ್ತು," ಎಂದ ಮೆಲ್ಲಗೆ. "ನೋವಾಯ್ತು. ಆದ್ರೆ ನ್ಯಾಯ ಅನ್ನಿಸ್ತು."

"ನಾನು ಹಾಳೆ ಕೇಳಿರ್ಲಿಲ್ಲ."

"ಕೈ ಚಾಚಿದ್ಯಲ್ಲ."

"ಚಾಚಿದ್ದೆ."

"ಮತ್ತೆ?"

ಅವನ ಹುಬ್ಬು ಗಂಟಾಗಿತ್ತು, ಬಿಚ್ಚಿಟ್ಟ ಮೋಟಾರಿನಲ್ಲಿ ಎಲ್ಲಿಯದೆಂದು ತಿಳಿಯದ ತುಂಡೊಂದು ಉಳಿದುಬಿಟ್ಟವನಂತೆ.

"ಅಯ್ಯೋ ದೇವರೇ," ಎಂದರು ಜುಲೇಯ್ಕಾ ಸೂರು ನೋಡುತ್ತ. "ಊರಿನ ಲಿಫ್ಟೆಲ್ಲ ರಿಪೇರಿ ಮಾಡ್ತಾನಂತೆ ಇವ್ನು!"

ಜಾಂದಿರಾ ಮತ್ತೆ ಅಂಗೈ ಚಾಚಿದಳು. ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಅವನು ಆ ಕೈಯನ್ನು ನೋಡಿದ. ಹಾಳೆಯನ್ನು ನೋಡಿದ. ಅವಳ ಮುಖ ನೋಡಿದ. ಅವನ ಕಿವಿ ಕೆಂಪಾಗುವುದು ಅವಳಿಗೆ ಕಂಡಿತು, ಮೊದಲು ತುದಿ, ಆಮೇಲೆ ಪೂರ್ತಿ.

"ಅಂದ್ರೆ ಅವತ್ತೂ..."

"ಅವತ್ತೂ. ಅದಕ್ಕೂ ಮುಂಚೆಯಿಂದ್ಲೂ. ಆ ಸ್ಪ್ಯಾನರ್ ಕೆಳಗಿಡು."

"ಕೈಯೆಲ್ಲಾ ಗ್ರೀಸು."

"ಇರ್ಲಿ."

ಅವನು ಸ್ಪ್ಯಾನರ್ ಕೆಳಗಿಟ್ಟ. ಕೈ ಬೆಚ್ಚಗಿತ್ತು, ಒರಟಾಗಿತ್ತು, ನಿಜಕ್ಕೂ ತುಂಬ ಕೊಳೆಯಾಗಿತ್ತು.

"ಮೂಟೆ ಹೊರೋಕೆ ಮೊದ್ಲು ದಾಳ ಹಾಕ್ತಾರೋ, ಇಲ್ಲ ನಾನು ಮನೆಗೆ ಹೋಗ್ಲೋ?" ವಾಂಡರ್ ಕೇಳಿದ.

ಅವಳು ಎಡಗೈಯಲ್ಲಿ ದಾಳ ಉರುಳಿಸಿದಳು. ಅಭ್ಯಾಸವಿಲ್ಲದ ಕೈ. ಅದು ಮೇಜಿನಾಚೆ ನೆಲಕ್ಕೆ ಬಿತ್ತು. ಎತ್ತಿಕೊಳ್ಳಬೇಕಾದರೆ ಇಬ್ಬರಲ್ಲೊಬ್ಬರು ಕೈ ಬಿಡಬೇಕಿತ್ತು. ಬಿಡಲಿಲ್ಲ. ವಾಂಡರ್ ಗೊಣಗುತ್ತ ಮೇಜಿನ ಕೆಳಗೆ ಬಗ್ಗಿದ.

"ಒಂದು!" ಅವನ ದನಿ ಕೆಳಗಿನಿಂದ ಬಂತು. "ಇದಕ್ಕಿಂತ ಕೆಟ್ಟದ್ದು ಬೀಳೋಕೆ ಸಾಧ್ಯಾನೇ ಇಲ್ಲ!"

"ಆನ್ಸೆಲ್ಮೊ ಮೊದಲನೇ ಮೂಟೆಯನ್ನೇ ಕೆಸರಿಗೆ ಹಾಕ್ದ," ಎಂದಳು ಮೇಷ್ಟ್ರು. "ದೊರೆಸಾನಿ ಬಾಗಿಲಲ್ಲಿ ನಿಂತು ನೋಡ್ತಿದಾಳೆ. ಅವನೇನು ಮಾಡ್ತಾನೆ?"

ಒಟೋನಿಯೆಲ್ ನಕ್ಕ. ಎಡಗೆನ್ನೆಯಲ್ಲಿ ಗುಳಿ ಬಿತ್ತು.

"ಇನ್ನೊಂದು ಎತ್ಕೋತಾನೆ," ಎಂದ.